ಜೋಳದ ಹೊಲದ ರೆಕ್ಕೆಯಿಲ್ಲದ ಮಿಡತೆ

ಪ್ರಶ್ನೆ: ನಮ್ಮ ಮುಂಗಾರಿ ಜೋಳದಲ್ಲಿ ತೆನೆ ಬಲಿಯುವ ಹೊತ್ತಿಗೂ ರೆಕ್ಕೆ ಮೂಡದ ಮಿಡತೆಗಳಿವೆ, ಬದುವಿನಲ್ಲಿ ಒಂದರ ಬೆನ್ನ ಮೇಲೊಂದು ಕುಳಿತಿರುತ್ತವೆ. ಇವು 2020ರಲ್ಲಿ ರಾಜಸ್ಥಾನ, ಮಹಾರಾಷ್ಟ್ರಗಳಿಗೆ ನುಗ್ಗಿದ ಮರುಭೂಮಿ ಮಿಡತೆಯ ಮರಿಗಳೇ? ರೆಕ್ಕೆ ಬಂದ ಮೇಲೆ ಹಾರಿ ಹೋಗುತ್ತವೆಯೇ?
– ರೈತರೊಬ್ಬರು, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಉತ್ತರ: ನೀವು ಬದುವಿನಲ್ಲಿ ಕಂಡದ್ದರಲ್ಲಿಯೇ ಅರ್ಧ ಉತ್ತರವಿದೆ. ಮಿಡತೆಗಳು ಕೂಡುವುದು ಕೊನೆಯ ಪೊರೆ ಕಳಚಿ ಪ್ರೌಢವಾದ ಮೇಲೆಯೇ. ಆದ್ದರಿಂದ ಅವು ಮರಿಗಳಲ್ಲ, ಅವುಗಳಿಗೆ ಇನ್ನು ರೆಕ್ಕೆ ಬರುವುದೂ ಇಲ್ಲ. ಕೆಳಗಿರುವ ದೊಡ್ಡದು ಹೆಣ್ಣು, ಬೆನ್ನೇರಿದ ಚಿಕ್ಕದು ಗಂಡು. ಮರುಭೂಮಿ ಮಿಡತೆಯ ಬೆಳೆದ ಮರಿಯಾಗಿದ್ದರೆ ಎದೆಯ ಹಿಂಭಾಗದಲ್ಲಿ ರೆಕ್ಕೆಯ ಮೊಗ್ಗುಗಳು ಬರಿಗಣ್ಣಿಗೇ ಕಾಣುತ್ತಿದ್ದವು.

ನೀವು ಹೇಳಿದ ಬೆಳೆ, ಕಾಲ, ಲಕ್ಷಣ ಮೂರೂ ದಖ್ಖನಿನ ರೆಕ್ಕೆರಹಿತ ಮಿಡತೆಗೆ, ಅಂದರೆ ಕೋಲ್‌ಮೇನಿಯಾ ಸ್ಫೆನಾರಿಯಾಯ್ಡಿಸ್ ಪ್ರಭೇದಕ್ಕೆ ಹೊಂದುತ್ತವೆ. ಸ್ಪೇನಿನ ಕೀಟಶಾಸ್ತ್ರಜ್ಞ ಬೊಲಿವಾರ್ 1910ರಲ್ಲಿ ಈ ಹೆಸರನ್ನಿಟ್ಟದ್ದು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಬೆಳೆಸಿದ ಲೆಸ್ಲಿ ಕೋಲ್‌ಮನ್ ಅವರ ಗೌರವಾರ್ಥ. ಕೋಲ್‌ಮನ್ ಇದನ್ನು ಜೋಳದ ಮಿಡತೆ ಎಂದೇ ಕರೆದು ವಿವರವಾಗಿ ಬರೆದರು.

ಇದಕ್ಕೆ ವರ್ಷಕ್ಕೊಂದೇ ಪೀಳಿಗೆ. ಮುಂಗಾರಿಗೆ ನೆಲ ನೆನೆದಾಗ ಮೊಟ್ಟೆಯೊಡೆದು ಹೊರಬಂದ ಮರಿಗಳು ಹುಲ್ಲು, ಜೋಳ, ಸಜ್ಜೆಗಳನ್ನು ಮೇಯುತ್ತಾ ಬೆಳೆಯುತ್ತವೆ. ಹಿಂಗಾರಿನ ಹೊತ್ತಿಗೆ ಹೆಣ್ಣು ಹೊಟ್ಟೆಯ ತುದಿಯ ಗಟ್ಟಿ ಕೊಕ್ಕೆಗಳಿಂದ ಮಣ್ಣನ್ನು ಬಗೆಯುತ್ತಾ, ಹೊಟ್ಟೆಯನ್ನು ಉದ್ದಕ್ಕೆ ಚಾಚಿ ಕೆಳಗಿಳಿಸಿ, ಅಲ್ಲಿ ಮೊಟ್ಟೆಗಳ ಗೊಂಚಲನ್ನಿಟ್ಟು ಮೇಲೆ ನೊರೆ ಸುರಿಸುತ್ತದೆ. ನೊರೆ ಒಣಗಿ ಮುಚ್ಚಳವಾಗುತ್ತದೆ. ದೊಡ್ಡ ಮಿಡತೆಗಳೆಲ್ಲ ಸತ್ತ ಮೇಲೆ, ಇಡೀ ಚಳಿಗಾಲವನ್ನೂ ರಾಯಚೂರು, ಬಳ್ಳಾರಿ ಸೀಮೆಯ ಉರಿಬಿಸಿಲನ್ನೂ ಈ ಜೀವಿ ಮಣ್ಣಿನೊಳಗೆ ಮೊಟ್ಟೆಯಾಗಿಯೇ ಕಳೆಯುತ್ತದೆ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಮಿಡತೆಯೆಂಬುದು ಕಣ್ಣಿಗೇ ಬೀಳದಿರುವುದು ನನಗೆ ಇದರ ಬದುಕಿನ ಅತ್ಯಂತ ಸೋಜಿಗದ ಸಂಗತಿ. ಹಾರಾಟದ ಸ್ನಾಯುಗಳಿಗೆ ವೆಚ್ಚವಾಗಬೇಕಾದ ಪೋಷಣೆಯನ್ನು ರೆಕ್ಕೆಯಿಲ್ಲದ ಕೀಟಗಳು ಮೊಟ್ಟೆಗಳಿಗೆ ತೊಡಗಿಸಬಲ್ಲವು.

ಹಾರಲಾರದ ಕಾರಣ ಮುಂದಿನ ವರ್ಷದ ಮಿಡತೆ ದೂರದಿಂದ ಬರುವುದಿಲ್ಲ. ಈಗ ಮೊಟ್ಟೆ ಬಿದ್ದ ನಿಮ್ಮ ಮತ್ತು ನೆರೆಯವರ ಮಣ್ಣಿನಿಂದಲೇ ಏಳುತ್ತದೆ. ಕೊಯ್ಲಾದ ಮೇಲೆ ಮಾಗಿ ಉಳುಮೆ ಮಾಡಿದರೆ ಗೊಂಚಲುಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ, ಹಕ್ಕಿಗಳೂ ಹೆಕ್ಕಿ ತಿನ್ನುತ್ತವೆ. ಪಕ್ಕದ ಹೊಲದವರನ್ನೂ ಇದಕ್ಕೆ ಒಪ್ಪಿಸಿ. ಬದುವಿಗೆ ನೇಗಿಲು ತಾಗುವುದಿಲ್ಲವಾದ್ದರಿಂದ, ಮೊದಲ ಹದ ಮಳೆಯಾದ ಮೇಲೆ ಅಲ್ಲಿನ ಹುಲ್ಲನ್ನು ಸರಿಸಿ ನೋಡಿರಿ. ಮರಿಗಳು ಬೆಳೆಗೆ ಇಳಿಯುವ ಮೊದಲೇ ಸಿಗುವುದು ಅಲ್ಲಿ.