ಹಳೇ ಫೈಟರ್‌ಗಳು ಹಾರ್ತಾನೇ ಇವೆಯಲ್ಲ, ಮತ್ಯಾಕೆ ಹೊಸದು?

ನೀವು ಕೇಳಿರೋದು ಇಷ್ಟು: ನಲವತ್ತು ವರ್ಷ ಹಳೇ ಯುದ್ಧವಿಮಾನಗಳು ಎಷ್ಟೋ ದೇಶಗಳಲ್ಲಿ ಇವತ್ತಿಗೂ ಹಾರ್ತಿವೆ, ಅಮೆರಿಕದ ಬಿ-52 ಬಾಂಬರ್ ಅಂತೂ ಅದಕ್ಕಿಂತ ಹಳೇದು, ಹಾಗಿದ್ಮೇಲೆ ವಾಯುಪಡೆಗಳು ಆಧುನೀಕರಣ ಅಂತ ಯಾಕೆ ಇಷ್ಟೊಂದು ದುಡ್ಡು ಸುರಿಬೇಕು, ಹಳೇದನ್ನೇ ಅಪ್‌ಗ್ರೇಡ್ ಮಾಡ್ತಾ ಎಷ್ಟು ದಿನ ಎಳೀಬಹುದು, ಅದೂ ಡ್ರೋನ್ ಕಾಲದಲ್ಲಿ. ನಾನು ಪೈಲಟ್ ಅಲ್ಲ, ಬಹಳ ವರ್ಷ ಏರ್‌ಫ್ರೇಮ್, ಅಂದ್ರೆ ವಿಮಾನದ ಮೈಕಟ್ಟಿನ ಮೇಂಟೆನೆನ್ಸ್‌ನಲ್ಲಿ ಕೆಲಸ ಮಾಡಿದೋನು. ಅದಕ್ಕೇ ಹ್ಯಾಂಗರ್ ಕಡೆಯಿಂದ ಕಂಡಿದ್ದನ್ನ ಹೇಳ್ತೀನಿ.

ವಿಮಾನ ಹಾರುತ್ತೆ ಅನ್ನೋದೇ ಬೇರೆ, ಯುದ್ಧಕ್ಕೆ ಹೋಗಿ ಕೆಲಸ ಮುಗಿಸ್ಕೊಂಡು ವಾಪಸ್ ಬರುತ್ತೆ ಅನ್ನೋದೇ ಬೇರೆ. ಹೊರಗಿನಿಂದ ನೋಡೋರಿಗೆ ಈ ಎರಡರ ಮಧ್ಯೆ ಇರೋ ವ್ಯತ್ಯಾಸ ಕಾಣಲ್ಲ, ಯಾಕಂದ್ರೆ ಪೇಂಟ್ ಹೊಡೆದ ಮೇಲೆ ಹಳೇ ವಿಮಾನನೂ ಹೊಸದರ ಥರನೇ ಇರುತ್ತೆ.

ಲೋಹದಿಂದ ಶುರು ಮಾಡ್ತೀನಿ, ನನಗೆ ಚೆನ್ನಾಗಿ ಗೊತ್ತಿರೋದು ಅದೇ. ಒಂದು ತಂತಿನ ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ಬಗ್ಗಿಸಿದ್ರೆ ಮುರಿಯುತ್ತಲ್ಲ, ಅದನ್ನೇ ಫೆಟೀಗ್ ಅಂತೀವಿ. ಫೈಟರ್ ಒಂದು ಸಲ ಜೋರಾಗಿ ತಿರುಗಿದ್ರೆ ಆರೇಳು ಜಿ ಭಾರ ಬೀಳುತ್ತೆ, ಅಂದ್ರೆ ವಿಮಾನ ತನ್ನ ತೂಕದ ಆರೇಳು ಪಟ್ಟು ತೂಗುತ್ತೆ, ಅಷ್ಟೂ ಭಾರ ರೆಕ್ಕೆ ಮೈಗೆ ಸೇರೋ ಜಾಗದ ಮೇಲೆ ಬೀಳುತ್ತೆ. ಅಲ್ಯೂಮಿನಿಯಂಗೆ ಒಂದು ಗುಣ ಇದೆ, ಭಾರ ಸಣ್ಣದಾದ್ರೂ ಅದು ಲೆಕ್ಕದಲ್ಲಿ ಸೇರ್ತಾ ಹೋಗುತ್ತೆ, ರೆಸ್ಟ್ ಕೊಟ್ರೆ ವಾಸಿ ಆಗೋ ವಿಷಯ ಅಲ್ಲ. ಹಾಗಾಗಿ ನಾವು ವಿಮಾನದ ವಯಸ್ಸನ್ನ ವರ್ಷದಲ್ಲಿ ಎಣಿಸೋದಿಲ್ಲ, ಎಷ್ಟು ಗಂಟೆ ಹಾರಿದೆ, ಎಷ್ಟು ಜಿ ಎಳೆದಿದೆ, ಎಷ್ಟು ಸಲ ಇಳಿದಿದೆ ಅಂತ ನೋಡ್ತೀವಿ.

ನಾನು ಮೊದಲ ಸಲ ಒಂದು ಕ್ರ್ಯಾಕ್ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಿಂದಿನ ಸಂಜೆ ಹಾರಿ ಬಂದ ವಿಮಾನ, ಪೈಲಟ್ ಒಂದೂ ಸ್ನ್ಯಾಗ್, ಅಂದ್ರೆ ದೋಷ, ಬರೆದಿರಲಿಲ್ಲ, ಇಂಜಿನ್ ಸರಿ, ಹೈಡ್ರಾಲಿಕ್ಸ್ ಸರಿ, ಎಲ್ಲಾ ಸರಿ. ಗಂಟೆ ಲೆಕ್ಕದ ಇನ್‌ಸ್ಪೆಕ್ಷನ್ ಬಂದಿತ್ತು ಅಂತ ಮಾತ್ರ ರೆಕ್ಕೆ ಬುಡದ ಪ್ಯಾನೆಲ್ ಬಿಚ್ಚಿದ್ವಿ. ಪೇಂಟ್ ತೆಗೆದು, ಜಿಡ್ಡು ಒರೆಸಿ, ಬೋಲ್ಟ್ ತೂತಿನ ಸುತ್ತ ಕೆಂಪು ಡೈ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು, ಆಮೇಲೆ ಮೇಲ್ಮೈ ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಥರ ಇರೋ ಬಿಳಿ ಡೆವಲಪರ್ ಸ್ಪ್ರೇ ಮಾಡಿ ಕಾಯಬೇಕು. ಕ್ರ್ಯಾಕ್ ಇದ್ರೆ ಅದರೊಳಗೆ ಇಳಿದ ಡೈ ಬಿಳಿ ಮೇಲೆ ಮೂಡುತ್ತೆ, ಬಿಳಿ ಬಿಳಿಯಾಗೇ ಉಳಿದ್ರೆ ಒಳ್ಳೇದು. ಅವತ್ತು ಉಳಿಲಿಲ್ಲ. ತೂತಿನ ಅಂಚಿಂದ ಒಂದು ಕೆಂಪು ಗೆರೆ ನಿಧಾನಕ್ಕೆ ಒಸರಿಕೊಂಡು ಬಂತು, ಉಗುರಿನಷ್ಟು ಉದ್ದನೂ ಇಲ್ಲ. ಅದೇ ಜಾಗನ ಐದು ನಿಮಿಷ ಮುಂಚೆ ಟಾರ್ಚ್ ಹಿಡ್ಕೊಂಡು ನೋಡಿದ್ದೆ, ಬೆರಳಾಡಿಸಿದ್ದೆ, ಏನೂ ಸಿಕ್ಕಿರಲಿಲ್ಲ. ಒಬ್ಬ ಮನುಷ್ಯ ಆ ಗೆರೆ ಮೇಲೆ ಕೂತು ಹಿಂದಿನ ದಿನ ಹಾರಿ ಬಂದಿದ್ದ. ಆ ವಿಮಾನದ ಕಥೆ ಏನಾಯ್ತು ಅಂತ ಕೊನೇಲಿ ಹೇಳ್ತೀನಿ, ನಿಮ್ಮ "ಎಷ್ಟು ದಿನ ಎಳೀಬಹುದು"ಗೆ ಉತ್ತರ ಅಲ್ಲೇ ಇದೆ.

ಗೆರೆ ಸಿಗದೇ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ 2007ರ ನವೆಂಬರ್ 2 ನೋಡಿ. ಅಮೆರಿಕದ ಮಿಸ್ಸೌರಿಯಲ್ಲಿ ಒಂದು ಎಫ್-15ಸಿ ತರಬೇತಿ ಹಾರಾಟದಲ್ಲಿ ಇದ್ದಾಗ ಕಾಕ್‌ಪಿಟ್ ಹಿಂದುಗಡೆ ಎರಡು ತುಂಡಾಯ್ತು, ಗಾಳಿಯಲ್ಲೇ. ಯಾರೂ ಹೊಡೆದಿದ್ದಲ್ಲ. ಮೈ ಉದ್ದಕ್ಕೂ ಹೋಗೋ ಲಾಂಜೆರಾನ್ ಅನ್ನೋ ತೊಲೆ ತಯಾರಾಗುವಾಗಲೇ ಡ್ರಾಯಿಂಗ್‌ನಲ್ಲಿ ಇರಬೇಕಾದ್ದಕ್ಕಿಂತ ತೆಳುವಾಗಿತ್ತು, ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಹಾರಿ ಹಾರಿ ಅಲ್ಲಿ ಕ್ರ್ಯಾಕ್ ಬೆಳೆದು ಕೊನೆಗೆ ಬಿಟ್ಕೊಂಡಿತು. ಪೈಲಟ್ ಇಜೆಕ್ಟ್ ಆಗಿ ಕೈ ಮುರ್ಕೊಂಡು ಬದುಕಿದ. ಆಮೇಲೆ ಎಫ್-15ಗಳನ್ನ ಸಾಲಾಗಿ ನೆಲಕ್ಕೆ ನಿಲ್ಲಿಸಿ ಚೆಕ್ ಮಾಡಿದಾಗ ಬೇರೆ ವಿಮಾನಗಳಲ್ಲೂ ಅದೇ ಥರ ಕ್ರ್ಯಾಕ್ ಸಿಕ್ಕಿತು. ಗಮನಿಸಿ, ಇದು ದುಡ್ಡಿಗೆ, ತಂತ್ರಜ್ಞಾನಕ್ಕೆ ಕೊರತೆ ಇಲ್ಲದ ವಾಯುಪಡೆ, ಅವರ ಮೇಂಟೆನೆನ್ಸ್ ಕಳಪೆ ಅಂತ ಯಾರೂ ಹೇಳಕ್ಕಾಗಲ್ಲ.

ಹಾಗಾದ್ರೆ ಬಿ-52? ಅದು ಮೊದಲು ಹಾರಿದ್ದು 1952ರಲ್ಲಿ, ಕೊನೇ ವಿಮಾನ ತಯಾರಾಗಿದ್ದು 1962ರಲ್ಲಿ, 2050ರ ದಶಕದ ತನಕ ಓಡಿಸೋ ಪ್ಲಾನ್ ಇದೆ, ಇದೆಲ್ಲಾ ನಿಜ. ಆದ್ರೆ ಅದು ಬಾಂಬರ್, ಫೈಟರ್ ಥರ ತಿರುಚಿ ಮುರುಚಿ ಹಾರೋ ಕೆಲಸ ಅದಕ್ಕಿಲ್ಲ. ಶತ್ರುವಿನ ಮಿಸೈಲ್ ಗೂಡಿಗೆ ನುಗ್ಗೋ ಕೆಲಸನೂ ಈಗ ಅದಕ್ಕೆ ಕೊಡಲ್ಲ, ನೂರಾರು ಕಿಲೋಮೀಟರ್ ದೂರದಲ್ಲೇ ನಿಂತು ಕ್ರೂಸ್ ಮಿಸೈಲ್ ಬಿಡುತ್ತೆ. ಜೊತೆಗೆ ಈಗ ಅದರ ಎಂಟೂ ಇಂಜಿನ್ ತೆಗೆದು ರೋಲ್ಸ್ ರಾಯ್ಸ್‌ನ ಹೊಸ ಇಂಜಿನ್ ಹಾಕ್ತಾರೆ, ರೇಡಾರ್ ಬದಲಾಯಿಸ್ತಾರೆ, ಕಾಕ್‌ಪಿಟ್ ಬದಲಾಯಿಸ್ತಾರೆ. ಅಂದ್ರೆ ನೀವು ಆಧುನೀಕರಣ ಬೇಡ ಅನ್ನೋದಕ್ಕೆ ಕೊಟ್ಟ ಉದಾಹರಣೆನೇ ಆಧುನೀಕರಣದ ಉದಾಹರಣೆ. ಹಳೇದು ಅನ್ನೋದು ಹುಟ್ಟಿದ ವರ್ಷದಲ್ಲಿಲ್ಲ, ಯಾವ ಭಾಗ ಹಳೇದಾಗಿದೆ, ಅದಕ್ಕೆ ಯಾವ ಕೆಲಸ ಹೇಳ್ತಿದ್ದೀವಿ ಅನ್ನೋದ್ರಲ್ಲಿದೆ.

ಇನ್ನು ಬಿಡಿಭಾಗದ ಸಂಕಟ. ಒಂದು ಎಲೆಕ್ಟ್ರಾನಿಕ್ ಚಿಪ್ ಮಾರ್ಕೆಟ್‌ನಲ್ಲಿ ಕೆಲವೇ ವರ್ಷ ಇರುತ್ತೆ, ವಿಮಾನ ಮೂವತ್ತು ನಲವತ್ತು ವರ್ಷ ಹಾರುತ್ತೆ. ಮಾಡೋ ಕಂಪನಿ ಮುಚ್ಚಿರುತ್ತೆ, ಇಲ್ಲಾ ಆ ಲೈನ್ ನಿಲ್ಲಿಸಿರುತ್ತೆ. ಆಗ ಹ್ಯಾಂಗರ್ ಮೂಲೆಯಲ್ಲಿ ಒಂದು ವಿಮಾನ ನಿಲ್ಲುತ್ತೆ, ಇವತ್ತು ಅದರಿಂದ ಒಂದು ಪಂಪ್, ನಾಳೆ ಒಂದು ವಾಲ್ವ್, ನಾಡಿದ್ದು ಒಂದು ಬಾಕ್ಸ್ ಅಂತ ಕಿತ್ತು ಬೇರೆ ವಿಮಾನಕ್ಕೆ ಹಾಕ್ತಾ ಹೋಗ್ತೀವಿ. ಹ್ಯಾಂಗರ್ ಕ್ವೀನ್ ಅಂತ ಕರೀತಾರೆ ಅದನ್ನ. ಒಂದೇ ಪಾರ್ಟನ್ನ ಎರಡು ಸಲ ಬಿಚ್ಚಿ ಎರಡು ಸಲ ಹಾಕೋ ಕೆಲಸ ಅದು, ಪ್ರತಿ ಸಲ ಬಿಚ್ಚಿದಾಗಲೂ ಏನಾದ್ರೂ ಹಾಳಾಗೋ ಚಾನ್ಸ್ ಇದ್ದೇ ಇರುತ್ತೆ, ರಾತ್ರಿ ಪಾಳಿಯ ಹುಡುಗರು ಸುಸ್ತಾಗಿರ್ತಾರೆ, ತಪ್ಪಾಗೋದು ಆಗಲೇ. ಇರಾನ್ 1979ಕ್ಕೆ ಮುಂಚೆ ಅಮೆರಿಕದಿಂದ 79 ಎಫ್-14 ತರಿಸಿಕೊಂಡಿತ್ತು, ಕ್ರಾಂತಿ ಆದ್ಮೇಲೆ ಪಾರ್ಟ್ಸ್ ನಿಂತುಹೋಯ್ತು, ಅಮೆರಿಕ 2006ರಲ್ಲಿ ತನ್ನ ಎಫ್-14ಗಳನ್ನ ರಿಟೈರ್ ಮಾಡಿ, ಅವುಗಳ ಭಾಗ ಇರಾನ್ ಕೈಗೆ ಸಿಗಬಾರದು ಅಂತಲೇ ಬಹಳಷ್ಟನ್ನ ಪುಡಿ ಪುಡಿ ಮಾಡಿಸ್ತು. ಅಂಥ ಸ್ಥಿತಿಯಲ್ಲೂ ದಶಕಗಟ್ಟಲೆ ಅದನ್ನ ಹಾರಿಸಿದ ಅಲ್ಲಿನ ಟೆಕ್ನಿಶಿಯನ್‌ಗಳ ಮೇಲೆ ನನಗೆ ನಿಜವಾಗ್ಲೂ ಗೌರವ ಇದೆ, ಆದ್ರೆ ಅದನ್ನ ಯಾವ ವಾಯುಪಡೆನೂ ಆಸೆಪಟ್ಟು ಆರಿಸ್ಕೊಳಲ್ಲ.

ಲೋಹ ಗಟ್ಟಿ ಇದೆ, ಪಾರ್ಟ್ಸ್ ಸಿಗುತ್ತೆ ಅಂತಾನೇ ಇಟ್ಕೊಳ್ಳಿ. ಆಗ್ಲೂ ಒಂದು ವಿಷಯ ಉಳಿಯುತ್ತೆ, ಎದುರಿಗಿರೋನು ಸುಮ್ಮನೆ ಕೂತಿರಲ್ಲ. 1982ರ ಜೂನ್ 9ರಂದು ಲೆಬನಾನ್‌ನ ಬೆಕಾ ಕಣಿವೆಯಲ್ಲಿ ಸಿರಿಯಾದ 19 ಮಿಸೈಲ್ ಬ್ಯಾಟರಿ, ಅಂದ್ರೆ ನೆಲದಿಂದ ವಿಮಾನ ಹೊಡೆಯೋ ಮಿಸೈಲ್ ತುಕಡಿಗಳು ಇದ್ವು, ಅವತ್ತೊಂದೇ ದಿನ ಇಸ್ರೇಲ್ ಅದರಲ್ಲಿ 17ನ್ನ ಹೊಡೆದು ಹಾಕ್ತು, ಕೆಲವೇ ದಿನದಲ್ಲಿ ಸಿರಿಯಾದ 80ಕ್ಕೂ ಹೆಚ್ಚು ವಿಮಾನ ಬಿದ್ವು. ಸಿರಿಯಾದ ಮಿಗ್-21, ಮಿಗ್-23 ಹಾರ್ತಿರಲಿಲ್ವಾ? ಚೆನ್ನಾಗೇ ಹಾರ್ತಿದ್ವು. ಆದ್ರೆ ಇಸ್ರೇಲ್ ಹತ್ರ ಎಫ್-15, ಎಫ್-16 ಜೊತೆಗೆ, ಆಕಾಶದಲ್ಲೇ ಕೂತು ಎಲ್ಲಾ ನೋಡೋ ಈ-2ಸಿ ಹಾಕ್‌ಐ ರೇಡಾರ್ ವಿಮಾನ ಇತ್ತು, ರೇಡಾರ್‌ಗಳನ್ನ ಕೆಣಕಿ ಎಬ್ಬಿಸೋಕೆ ಡ್ರೋನ್‌ಗಳಿದ್ವು, ಶತ್ರುವಿನ ರೇಡಿಯೋ ಮಾತು ಕೇಳದ ಹಾಗೆ ಮಾಡೋ ಜ್ಯಾಮರ್ ಇತ್ತು. ನೆಲದ ಮೇಲಿನ ಕಂಟ್ರೋಲರ್ ಹೇಳಿದ ಕಡೆ ತಿರುಗೋ ಅಭ್ಯಾಸದಲ್ಲಿದ್ದ ಪೈಲಟ್‌ಗಳಿಗೆ ಆ ದನಿನೇ ನಿಂತುಹೋಯ್ತು. ಕಣ್ಣು ಕಿವಿ ಎರಡೂ ಕಟ್ಟಿ ಹೊಡೆದಾಟಕ್ಕೆ ಬಿಟ್ಟ ಹಾಗೆ.

ಇವತ್ತು ಅದೇ ಕಥೆ ದೂರದ ಲೆಕ್ಕದಲ್ಲಿ ನಡೀತಿದೆ. ಉಕ್ರೇನ್‌ನ ಮಿಗ್-29, ಸು-27ಗಳಲ್ಲಿ ಇದ್ದಿದ್ದು ಆರ್-27 ಥರದ ಸೆಮಿ ಆಕ್ಟಿವ್ ಮಿಸೈಲ್, ಅಂದ್ರೆ ಮಿಸೈಲ್ ಹೋಗಿ ಮುಟ್ಟೋ ತನಕ ಪೈಲಟ್ ತನ್ನ ರೇಡಾರ್‌ನ ಗುರಿ ಮೇಲೇ ಹಿಡ್ಕೊಂಡಿರಬೇಕು, ತಿರುಗಿ ಓಡೋ ಹಾಗಿಲ್ಲ. ಎದುರಿಗೆ ರಷ್ಯಾದ ಮಿಗ್-31 ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯಿಂದ ಆರ್-37ಎಂ ಬಿಡುತ್ತೆ, ಅದರ ಮೂತಿಯಲ್ಲೇ ರೇಡಾರ್ ಇದೆ, ಕೊನೇಲಿ ತಾನೇ ಹುಡುಕ್ಕೊಂಡು ಹೋಗುತ್ತೆ. ಒಬ್ಬ ಕಾಣದೇ ಇರೋ ದೂರದಿಂದ ಹೊಡೀತಾನೆ, ಇನ್ನೊಬ್ಬ ಹತ್ರ ಹೋಗಿ ನೇರ ನಿಂತ್ಕೋಬೇಕು. ಧೈರ್ಯದಲ್ಲಿ ಯಾರೂ ಕಮ್ಮಿ ಇಲ್ಲ, ಆದ್ರೆ ಈ ಅಂತರನ ಧೈರ್ಯದಿಂದ ತುಂಬಕ್ಕಾಗಲ್ಲ. ಇದನ್ನ ಬರೀವಾಗ ನನಗೆ ಸಂಕಟ ಆಗುತ್ತೆ, ಯಾಕಂದ್ರೆ ಹಳೇ ವಿಮಾನಕ್ಕೆ ಬೆಲೆ ತೆರೋದು ಯಾವಾಗ್ಲೂ ಅದರೊಳಗೆ ಕೂತೋನೇ.

ಹಾಗಂತ ಅಪ್‌ಗ್ರೇಡ್ ದಂಡ ಅಂತ ನಾನು ಹೇಳ್ತಿಲ್ಲ. ಎಫ್-16 ಮೊದಲು ಹಾರಿದ್ದು 1974ರಲ್ಲಿ, ಇವತ್ತು ಅದಕ್ಕೆ ಆಯೆಸಾ ರೇಡಾರ್ ಹಾಕಿ ಕೊಡ್ತಾರೆ. ಹಳೇ ರೇಡಾರ್‌ನಲ್ಲಿ ಆಂಟೆನಾನ ಮೋಟಾರ್ ಆ ಕಡೆ ಈ ಕಡೆ ತಿರುಗಿಸ್ತಿತ್ತು, ಆ ಮೋಟಾರ್ ಕೆಟ್ರೆ ರೇಡಾರ್ ಕುರುಡು. ಆಯೆಸಾದಲ್ಲಿ ನೂರಾರು ಪುಟ್ಟ ಪುಟ್ಟ ಮಾಡ್ಯೂಲ್ ಇರುತ್ತೆ, ತಿರುಗೋ ಭಾಗನೇ ಇಲ್ಲ, ಹತ್ತಿಪ್ಪತ್ತು ಮಾಡ್ಯೂಲ್ ಹೋದ್ರೂ ಉಳಿದವು ಕೆಲಸ ಮಾಡ್ತಾವೆ. ನಮ್ಮಂಥೋರಿಗೆ ಅದು ಎಷ್ಟು ದೊಡ್ಡ ನೆಮ್ಮದಿ ಅಂದ್ರೆ ಹೇಳಕ್ಕಾಗಲ್ಲ. ಆದ್ರೆ ಅದಕ್ಕೆ ಕರೆಂಟ್ ಬೇಕು, ತಂಪು ಮಾಡೋ ವ್ಯವಸ್ಥೆ ಬೇಕು, ಮೂತಿಯಲ್ಲಿ ಜಾಗ ಬೇಕು. ಮಿಗ್-21ರಲ್ಲಿ ರೇಡಾರ್ ಕೂರೋದೇ ಇಂಜಿನ್‌ಗೆ ಗಾಳಿ ಹೋಗೋ ಬಾಯಿ ಮಧ್ಯದ ಕೋನ್ ಒಳಗೆ, ಅಲ್ಲಿ ದೊಡ್ಡ ಆಂಟೆನಾ ಹಿಡಿಯೋದೇ ಇಲ್ಲ. ರೊಮೇನಿಯಾದವರು 1990ರ ದಶಕದಲ್ಲಿ ಆ ವಿಮಾನಕ್ಕೆ ಹೊಸ ಎಲೆಕ್ಟ್ರಾನಿಕ್ಸ್ ಹಾಕಿ ಲ್ಯಾನ್ಸರ್ ಅಂತ ಮಾಡ್ಕೊಂಡ್ರು, ಒಳ್ಳೇ ಕೆಲಸನೇ, ಆದ್ರೂ 2023ರ ಮೇನಲ್ಲಿ ನಿಲ್ಲಿಸಲೇಬೇಕಾಯ್ತು. ಮಿದುಳು ಹೊಸದು ಹಾಕಬಹುದು, ಬೆನ್ನುಮೂಳೆ ಹಾಕಕ್ಕಾಗಲ್ಲ.

ವಿಮಾನ ಒಂದೇ ಸಾಲದು ಅನ್ನೋದನ್ನೂ ಹೇಳ್ಬೇಕು, ಇಲ್ಲಾಂದ್ರೆ ಅನ್ಯಾಯ ಆಗುತ್ತೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಒಳ್ಳೇ ಎಫ್-4 ಫ್ಯಾಂಟಮ್ ಇದ್ರೂ ಎರಡು ಶತ್ರು ವಿಮಾನಕ್ಕೆ ತಮ್ಮದೊಂದು ಕಳ್ಕೊಳ್ಳೋ ಆಸುಪಾಸಿನಲ್ಲಿದ್ರು. 1969ರಲ್ಲಿ ಟಾಪ್ ಗನ್ ಅಂತ ಶಾಲೆ ಶುರು ಮಾಡಿ, ಮಿಸೈಲನ್ನ ಯಾವಾಗ ಬಿಡಬೇಕು, ಎದುರಾಳಿ ವಿಮಾನದ ದೌರ್ಬಲ್ಯ ಏನು ಅಂತ ಕಲಿಸಿದ ಮೇಲೆ ಅದೇ ಫ್ಯಾಂಟಮ್‌ನಲ್ಲಿ ಹನ್ನೆರಡಕ್ಕೆ ಒಂದರ ಹತ್ರ ಹೋಯ್ತು. ಹೊಸ ವಿಮಾನ ತಗೊಂಡು ಪೈಲಟ್‌ಗೆ ಹಾರೋ ಗಂಟೆ ಕಮ್ಮಿ ಮಾಡೋದು, ಟೆಕ್ನಿಶಿಯನ್‌ಗೆ ಟ್ರೈನಿಂಗ್ ಕೊಡದೇ ಇರೋದು, ಮಿಸೈಲ್ ಸ್ಟಾಕ್ ಇಡದೇ ಇರೋದು, ಇದು ಆಧುನೀಕರಣ ಅಲ್ಲವೇ ಅಲ್ಲ.

ಡ್ರೋನ್ ವಿಚಾರ ಬೇಗ ಹೇಳ್ತೀನಿ. 2025ರ ಜೂನ್ 1ರಂದು ಉಕ್ರೇನ್ ಟ್ರಕ್‌ಗಳಲ್ಲಿ ಬಚ್ಚಿಟ್ಟ ಸಣ್ಣ ಡ್ರೋನ್‌ಗಳಿಂದ ರಷ್ಯಾದ ಒಳಗಿನ ಏರ್‌ಬೇಸ್‌ಗಳಲ್ಲಿ ಬಯಲಲ್ಲಿ ನಿಂತಿದ್ದ ಬಾಂಬರ್‌ಗಳನ್ನ ಸುಟ್ಟಿತು. ಅವುಗಳಲ್ಲಿ ಒಂದಾದ ಟಿಯು-95 ಬಾಂಬರ್‌ನ ತಯಾರಿಕೆ ನಿಂತು ಮೂವತ್ತು ವರ್ಷ ದಾಟಿದೆ, ಸುಟ್ಟಿದ್ದರ ಜಾಗಕ್ಕೆ ಇನ್ನೊಂದು ಬರಲ್ಲ. ಇದರಿಂದ ವಾಯುಪಡೆ ಬೇಡ ಅಂತ ಅರ್ಥ ಮಾಡ್ಕೋಬೇಡಿ, ವಿಮಾನದ ಜೊತೆಗೆ ಅದು ನಿಲ್ಲೋ ಜಾಗ, ಗಟ್ಟಿ ಶೆಲ್ಟರ್, ಬೇಸ್ ಕಾಯೋ ವ್ಯವಸ್ಥೆ ಎಲ್ಲಾ ಹೊಸದಾಗ್ಬೇಕು ಅಂತ ಅರ್ಥ. ಅಗ್ಗದ ಡ್ರೋನ್ ಹೊಡೆಯೋಕೆ ದುಬಾರಿ ಮಿಸೈಲ್ ಖರ್ಚು ಮಾಡೋದು ಬೇಡ ಅಂತ ಅಮೆರಿಕದವರು ಎಫ್-16ಗೇ ಲೇಸರ್ ಹಿಡಿದು ಹೋಗೋ 70 ಮಿ.ಮೀ. ರಾಕೆಟ್ ಕಟ್ಟಿ ಹಾರಿಸಿದ್ರು. ನನಗೆ ತುಂಬಾ ಹಿಡಿಸಿದ ಆಧುನೀಕರಣ ಅದು, ವಿಮಾನ ಹಳೇದು, ಯೋಚನೆ ಹೊಸದು.

ಇನ್ನೊಂದು, ಬೇಕಾದಾಗ ತಗೊಂಡ್ರಾಯ್ತು ಅನ್ನೋ ಲೆಕ್ಕ ನಡೆಯಲ್ಲ. ಎಫ್-22ಗೆ ಏನೇನು ಬೇಕು ಅಂತ ಬರೆಯೋಕೆ ಶುರು ಮಾಡಿದ್ದು 1981ರಲ್ಲಿ, ಅದು ಸೇವೆಗೆ ಸಿದ್ಧ ಅಂತ ಘೋಷಣೆ ಆಗಿದ್ದು 2005ರ ಡಿಸೆಂಬರ್‌ನಲ್ಲಿ. ಎಫ್-35 ತಯಾರಾಗಿ ನಿಂತಿದ್ರೂ ಹೊಸ ಸಾಫ್ಟ್‌ವೇರ್ ಮುಗೀಲಿಲ್ಲ ಅಂತ 2023ರ ಜುಲೈಯಿಂದ ಒಂದು ವರ್ಷ ಡೆಲಿವರಿನೇ ನಿಂತಿತ್ತು. ಹಳೇದು ಪೂರ್ತಿ ಸವೆದ ದಿನ ಎದ್ದು ಹೊಸದು ಹುಡುಕೋಕೆ ಹೋದ್ರೆ ಮಧ್ಯದ ಆ ಹತ್ತಿಪ್ಪತ್ತು ವರ್ಷ ಯಾರು ಹಾರಬೇಕು, ಯಾವುದರಲ್ಲಿ ಹಾರಬೇಕು?

ಈಗ ಆ ಕೆಂಪು ಗೆರೆಯ ವಿಮಾನ. ತೂತಲ್ಲಿ ಕ್ರ್ಯಾಕ್ ಸಿಕ್ರೆ ಆ ತೂತನ್ನ ಸ್ವಲ್ಪ ದೊಡ್ಡದಾಗಿ ಕೊರೆದು, ಕ್ರ್ಯಾಕ್ ಪೂರ್ತಿ ಹೋಯ್ತಾ ಅಂತ ಎಡ್ಡಿ ಕರೆಂಟ್‌ನಲ್ಲಿ, ಅಂದ್ರೆ ಲೋಹದಲ್ಲಿ ವಿದ್ಯುತ್ ಹರಿಸಿ ಬಿರುಕು ಹುಡುಕೋ ಪರೀಕ್ಷೆಯಲ್ಲಿ ನೋಡಿ, ದಪ್ಪ ಬೋಲ್ಟ್ ಹಾಕ್ತೀವಿ. ಹಾಗೇ ಮಾಡಿ, ಮುಂದಿನ ಚೆಕ್‌ಗಳನ್ನ ಹತ್ತಿರ ಹತ್ತಿರ ಇಟ್ಟು ಬಿಟ್ವಿ. ಮತ್ತೆ ಹಾರ್ತು. ಎರಡನೇ ಸಲ ಅಲ್ಲೇ ಗೆರೆ ಬಂತು, ಮತ್ತೆ ಕೊರೆದ್ವಿ, ಇನ್ನೂ ದಪ್ಪದ ಬೋಲ್ಟ್ ಹಾಕಿದ್ವಿ. ಮೂರನೇ ಸಲ ಬಂದಾಗ ನಮ್ಮ ಇನ್‌ಸ್ಪೆಕ್ಟರ್ ಸ್ಕೇಲ್ ಇಟ್ಟು ತೂತಿಂದ ಅಂಚಿನ ತನಕ ಅಳೆದ್ರು, ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಎಡ್ಜ್ ಡಿಸ್ಟೆನ್ಸ್ ಉಳಿದಿರಲಿಲ್ಲ. ಕೊರೆಯೋಕೆ ಲೋಹನೇ ಇಲ್ಲ. ಅವರು ಲಾಗ್‌ಬುಕ್ ತಗೊಂಡು ಸೈನ್ ಮಾಡಿದ್ರು, ನಾವು ಅದೇ ಮಧ್ಯಾಹ್ನ ಅದರಿಂದ ಮೊದಲ ಪಂಪ್ ಬಿಚ್ಚಿದ್ವಿ.