ಚಾರಣ ಪ್ರಶ್ನೋತ್ತರ: ಕಾಲ ಕೆಳಗೆ ಜಾರುವ ಬೆಟ್ಟ

ಪ್ರಶ್ನೆ: ಹಲವು ವರ್ಷಗಳಿಂದ ಪ್ರತಿ ಭಾನುವಾರ ಸಿಂಹಗಡ ಏರುತ್ತಿದ್ದೇನೆ. ವಯಸ್ಸು 58. ಬರುವ ಜುಲೈನಲ್ಲಿ ಕ್ಯಾಲಿಫೋರ್ನಿಯದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದು, ಅಲ್ಲಿನ ಲ್ಯಾಸೆನ್ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದ ‘ಸಿಂಡರ್ ಕೋನ್’ ಬೆಟ್ಟವನ್ನು ಏರುವ ಆಸೆಯಿದೆ. ಸಿಂಹಗಡ ಏರುವವರಿಗೆ ಅದೇನು ಮಹಾ ಎಂದು ಅಳಿಯ ಹೇಳುತ್ತಾರೆ. ನಿಜವೇ?
— ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಎತ್ತರವನ್ನಷ್ಟೇ ಲೆಕ್ಕ ಹಾಕಿದರೆ ನಿಮ್ಮ ಅಳಿಯನ ಮಾತು ಸರಿ. ಬ್ಯೂಟ್ ಸರೋವರದ ಬಳಿಯಿಂದ ಹೊರಟು ಶಿಖರ ಮುಟ್ಟಿ ಹಿಂದಿರುಗಲು ಒಟ್ಟು ಆರೂವರೆ ಕಿಲೋಮೀಟರ್ ನಡಿಗೆ, ಸುಮಾರು 260 ಮೀಟರ್ ಏರಿಕೆ. ಅಂದರೆ ಬುಡದ ಹಳ್ಳಿ ಆತಕರವಾಡಿಯಿಂದ ಸಿಂಹಗಡಕ್ಕೆ ನೀವು ವಾರವಾರವೂ ಏರುವುದರ ಅರ್ಧಕ್ಕೂ ಕಡಿಮೆ. ಆದರೆ ಸಹ್ಯಾದ್ರಿಯಲ್ಲಿ ನಾವು ಕಲಿತದ್ದೆಲ್ಲವೂ ಕಲ್ಲನ್ನು ನಂಬುವ ವಿದ್ಯೆ. ಬಂಡೆಯ ಮೇಲೆ ಹೆಜ್ಜೆ ಊರಿದರೆ ಅದು ಅಲ್ಲೇ ನಿಲ್ಲುತ್ತದೆ ಎಂಬ ಭರವಸೆಯಿಂದಲೇ ನಮ್ಮ ಮೊಣಕಾಲು, ಉಸಿರು, ವೇಗ ಎಲ್ಲವೂ ಪಳಗಿವೆ. ಸಿಂಡರ್ ಕೋನ್ ಮೇಲೆ ಆ ಭರವಸೆ ಸಿಗುವುದಿಲ್ಲ.

ಹೆಸರೇ ಹೇಳುವಂತೆ ಅದು ಕಿಟ್ಟದ ಶಂಕು: ಬಂಡೆಯ ಬೆಟ್ಟವಲ್ಲ, ರಾಶಿ. ನೆಲದೊಳಗಿನಿಂದ ಅನಿಲದ ಒತ್ತಡಕ್ಕೆ ಚಿಮ್ಮಿದ ಕಾದ ಶಿಲಾರಸ ಗಾಳಿಯಲ್ಲೇ ಹೆಪ್ಪುಗಟ್ಟಿ, ಚೂರು ಚೂರಾಗಿ ಬಾಯಿಯ ಸುತ್ತ ಬಿದ್ದು ಗುಡ್ಡೆಯಾದದ್ದು. ಕಮ್ಮಾರನ ಕುಲುಮೆಯಲ್ಲಿ ಉಳಿಯುವ ಕಿಟ್ಟವನ್ನು ನೋಡಿದ್ದರೆ ಆ ಚೂರುಗಳ ರೂಪ ನಿಮಗೆ ಗೊತ್ತು. ಅಂಗೈಯಲ್ಲಿಟ್ಟುಕೊಂಡಾಗ ಕಲ್ಲಿನ ಗಾತ್ರಕ್ಕೆ ತಕ್ಕ ಭಾರವಿಲ್ಲದೆ ಕೈ ಒಂದು ಕ್ಷಣ ಮೋಸಹೋಗುತ್ತದೆ. ಮೈತುಂಬ ಸೆಟ್ ದೋಸೆಯಂತೆ ತೂತು, ತೂತಿನ ಅಂಚುಗಳೋ ಚರ್ಮ ಗೀಚುವಷ್ಟು ಚೂಪು. ಕಣದಲ್ಲಿ ಜೋಳವನ್ನು ಎಷ್ಟೇ ಸುರಿದರೂ ರಾಶಿ ಒಂದು ಓರೆಗಿಂತ ಕಡಿದಾಗುವುದಿಲ್ಲ, ಹೆಚ್ಚಾದ ಕಾಳು ಜಾರಿ ಕೆಳಗಿಳಿಯುತ್ತದೆ. ಈ ಬೆಟ್ಟದ ಪಕ್ಕೆಗಳೂ ಹಾಗೆಯೇ, ಮೂವತ್ತು ಡಿಗ್ರಿಗೂ ಮೀರಿದ ಓರೆಯಲ್ಲಿ, ಜಾರುವ ಅಂಚಿನಲ್ಲಿ ನಿಂತಿವೆ. ನೀವು ಇಡುವ ಒಂದೊಂದು ಹೆಜ್ಜೆಯೂ ಆ ಸಮತೋಲವನ್ನು ಕದಡುತ್ತದೆ. ಒಂದಡಿ ಮೇಲೇರಿದರೆ ಅರ್ಧ ಅಡಿ ಹಿಂದಕ್ಕೆ ಜಾರುತ್ತೀರಿ.

ನಾನು ಏರಿದ ದಿನ ಪೈನ್ ಮರಗಳ ನಡುವಿನ ದಾರಿ ಹಾಯಾಗಿತ್ತು. ಪಕ್ಕದಲ್ಲೇ ಕಪ್ಪು ಲಾವಾದ ಒಡ್ಡು ಉದ್ದಕ್ಕೂ ಗೋಡೆಯಂತೆ ಜೊತೆಗೆ ಬರುತ್ತಿತ್ತು. ಮರಗಳು ಮುಗಿದು ಬೋಳು ಶಂಕು ಎದುರಾದ ಮೇಲೆ, ರಾಯಗಡ, ರಾಜಗಡಗಳಲ್ಲಿ ಮಾಡುವಂತೆ ಬೇಗ ಬೇಗ ಹೆಜ್ಜೆ ಹಾಕಿ ಹದಿನೈದು ನಿಮಿಷದಲ್ಲೇ ಬಸವಳಿದೆ. ಬಳಿಕ ಅಲ್ಲಿನ ವೃದ್ಧರೊಬ್ಬರು ನಡೆಯುತ್ತಿದ್ದ ರೀತಿಯನ್ನು ನೋಡಿ ಕಲಿತೆ: ಗಿಡ್ಡ ಹೆಜ್ಜೆ, ಇಡೀ ಅಂಗಾಲು ಊರುವುದು, ಕಿಟ್ಟ ಕುಸಿದು ಕೂರುವವರೆಗೆ ಒಂದು ಉಸಿರಿನಷ್ಟು ಹೊತ್ತು ತಾಳುವುದು, ಆಮೇಲೆ ಮುಂದಿನ ಹೆಜ್ಜೆ. ಪ್ರತಿ ಹೆಜ್ಜೆಗೂ ಹುರಿಗಡಲೆ ತುಳಿದಂತೆ ಕರಕರ ಸದ್ದು. ಇಳಿಯುವಾಗ ಮಾತ್ರ ಹಿಮ್ಮಡಿ ಮೊದಲು ಹೂಳಬೇಕು, ಕೈಯಲ್ಲಿ ಎರಡು ಕೋಲುಗಳಿದ್ದರೆ ಮೊಣಕಾಲಿಗೆ ದೊಡ್ಡ ಆಸರೆ.

ಶಿಖರ 2,105 ಮೀಟರಿನಲ್ಲಿದೆ, ಸಿಂಹಗಡಕ್ಕಿಂತ ಸುಮಾರು 800 ಮೀಟರ್ ಎತ್ತರ. ಮೊದಲ ದಿನವೇ ಏರದೆ ಹತ್ತಿರದಲ್ಲಿ ಒಂದು ರಾತ್ರಿ ತಂಗಿದರೆ ಒಳ್ಳೆಯದು. ಶಂಕುವಿನ ಮೇಲೆ ನೆರಳಿಲ್ಲ, ಸಿಂಹಗಡದ ದೇವಟಾಕೆ ಕೊಳದಂತಹ ನೀರಿನ ಆಸರೆಯಿಲ್ಲ, ದಣಿದವರಿಗೆ ಮಡಕೆಯ ಮೊಸರು ಕೊಡುವ ಅಜ್ಜಿಯರಂತೂ ಇಲ್ಲ. ತಲಾ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಹೊತ್ತು ಬೆಳಗಿನ ಹೊತ್ತೇ ಹೊರಡಿ. ಸ್ಯಾಂಡಲ್ ಬೇಡ, ಕಣಕಾಲು ಮುಚ್ಚುವ ಬೂಟು ಇರಲಿ.

ಮೇಲೆ ತಲುಪಿದಾಗ ಕಾಣುವುದು ಒಂದರೊಳಗೊಂದು ಕುಳಿತ ಎರಡು ಅಂಚುಗಳ ಕುಳಿ. ಕೆಳಗೆ ಕೆಂಪು, ಕಿತ್ತಳೆ ಬಣ್ಣದ ದಿಬ್ಬಗಳು. ಇನ್ನೂ ಬಿಸಿಯಾಗಿದ್ದ ಲಾವಾದ ಮೇಲೆ ಬಿದ್ದ ಬೂದಿಯಲ್ಲಿನ ಕಬ್ಬಿಣ ತುಕ್ಕುಗಟ್ಟಿ ಬಂದ ಬಣ್ಣವದು. 1850ರ ಸುಮಾರಿಗೆ ಈ ಬೆಟ್ಟ ಉರಿಯುವುದನ್ನು ಕಂಡೆವೆಂದು ಹೇಳಿಕೊಂಡವರಿದ್ದರು, ಆದರೆ ಮರಗಳ ವಾರ್ಷಿಕ ಉಂಗುರಗಳನ್ನು ಎಣಿಸಿದ ವಿಜ್ಞಾನಿಗಳು ಸ್ಫೋಟದ ಕಾಲವನ್ನು 1666 ಎಂದು ಗುರುತಿಸಿದ್ದಾರೆ. ಪುಣೆಯವರಿಗೆ ಆ ಇಸವಿಯನ್ನು ಬೇರೆ ಹೇಳಬೇಕಿಲ್ಲ: ಶಿವಾಜಿ ಮಹಾರಾಜರು ಆಗ್ರಾದ ಸೆರೆಯಿಂದ ಪಾರಾದ ವರ್ಷ. ರಾಜಗಡದ ಬುರುಜುಗಳು ಆ ಬೆಟ್ಟಕ್ಕಿಂತ ಹಳೆಯವು ಎಂಬುದನ್ನು ಕುಳಿಯ ಅಂಚಿನಲ್ಲಿ ಕುಳಿತು ನೆನೆದಾಗ ನನಗೆ ಮೈ ಜುಂ ಎಂದಿತ್ತು.

ಪ್ರಶ್ನೆ: ನಮ್ಮ ಸಹ್ಯಾದ್ರಿಯೂ ಜ್ವಾಲಾಮುಖಿಯಿಂದಲೇ ಆದದ್ದು ಎನ್ನುತ್ತಾರೆ. ಹಾಗಿದ್ದರೆ ಇಲ್ಲಿ ಇಂತಹ ಶಂಕುಗಳು ಏಕೆ ಕಾಣುವುದಿಲ್ಲ?
— ಓದುಗರೊಬ್ಬರು, ಮುಲುಂಡ್, ಮುಂಬಯಿ

ಉತ್ತರ: ಇಲ್ಲಿ ಶಿಲಾರಸ ಹೊರಬಂದದ್ದು ಮುಖ್ಯವಾಗಿ ನೆಲದ ಉದ್ದುದ್ದ ಬಿರುಕುಗಳಿಂದ. ತೆಳುವಾದ ಆ ರಸ ಚಿಮ್ಮಿ ಗುಡ್ಡೆಯಾಗುವ ಬದಲು ಹೊಳೆಯಂತೆ ಹರಿದು, ಪದರದ ಮೇಲೆ ಪದರವಾಗಿ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿತು. ಘಟ್ಟದ ಗೋಡೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಆ ಪದರಗಳೇ. ವಿಜಯಪುರದ ಗೋಲಗುಮ್ಮಟಕ್ಕೆ ಬಳಸಿದ ಕಪ್ಪು ಕಲ್ಲು ಕೂಡ ಅದೇ ಲಾವಾದ್ದು. ಅಲ್ಲಲ್ಲಿ ಕಿಟ್ಟದ ಗುಡ್ಡೆಗಳು ಎದ್ದಿದ್ದರೂ ಅವು ಮುಂದಿನ ಲಾವಾದಡಿ ಹೂತುಹೋಗಬೇಕು, ಇಲ್ಲವೇ ಆರೂವರೆ ಕೋಟಿ ವರ್ಷಗಳ ಮಳೆಗೆ ಕೊಚ್ಚಿಹೋಗಬೇಕು. ಸಡಿಲ ರಾಶಿಗೆ ಅಷ್ಟು ಆಯುಸ್ಸಿಲ್ಲ. ಶಂಕು ಹುಟ್ಟುವುದಕ್ಕಾದರೆ ಹೆಚ್ಚು ಕಾಲ ಬೇಡ. ಮೆಕ್ಸಿಕೋದ ಪಾರಿಕುಟಿನ್ 1943ರ ಫೆಬ್ರವರಿ 20ರಂದು ಒಂದು ಮೆಕ್ಕೆಜೋಳದ ಹೊಲದಲ್ಲಿ ಬಾಯ್ಬಿಟ್ಟು, ಒಂದೇ ವರ್ಷದಲ್ಲಿ 300 ಮೀಟರ್ ದಾಟಿ ಬೆಳೆಯಿತು.

ನಮ್ಮ ದೇಶದಲ್ಲಿ ಜೀವಂತ ಶಂಕುವೊಂದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ, ಆದರೆ ಅದು ಚಾರಣದ ಜಾಗವಲ್ಲ. ನೀವು ಮುಂಬಯಿಯವರಾದ್ದರಿಂದ ಒಂದು ಬೆಳಗ್ಗೆ ಅಂಧೇರಿಯ ಗಿಲ್ಬರ್ಟ್ ಹಿಲ್‌ಗೆ ಹೋಗಿ ಬನ್ನಿ. ನಿಧಾನವಾಗಿ ತಣಿದ ಲಾವಾ ಕುಗ್ಗುತ್ತ ಸೀಳಿ ಕಂಬಗಳಾಗಿ ನಿಂತಿರುವುದನ್ನು ಕಟ್ಟಡಗಳ ನಡುವೆಯೇ ನೋಡಬಹುದು. ಊರಿಗೆ ಹೋದಾಗ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿ. ಅಲ್ಲಿನ ಕಂಬಗಳು ಸಹ್ಯಾದ್ರಿಯ ಲಾವಾಕ್ಕಿಂತ ಎರಡು ಕೋಟಿ ವರ್ಷಕ್ಕೂ ಹೆಚ್ಚು ಹಿರಿಯವು.

ಪ್ರಶ್ನೆ: ಅಂತಹ ಬೆಟ್ಟದಿಂದ ನೆನಪಿಗೆಂದು ಒಂದು ಸಣ್ಣ ಕಲ್ಲು ತಂದರೆ ತಪ್ಪೇ? ದಾರಿ ಬಿಟ್ಟು ನೇರವಾಗಿ ಜಾರಿಕೊಂಡು ಇಳಿಯುವವರ ವಿಡಿಯೊಗಳನ್ನೂ ನೋಡಿದ್ದೇನೆ.
— ಓದುಗರೊಬ್ಬರು, ಮಡಗಾಂವ್, ಗೋವಾ

ಉತ್ತರ: ಎರಡೂ ತಪ್ಪು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಂದ ಕಲ್ಲು ತೆಗೆಯುವುದು ಕಾನೂನಿಗೆ ವಿರುದ್ಧ. ಇನ್ನು ಜಾರಿ ಇಳಿಯುವ ಮಾತು: ಹುಲ್ಲೂ ಹಿಡಿಯದ ಆ ಇಳಿಜಾರಿನಲ್ಲಿ ಒಬ್ಬರು ಕೊರೆದ ಗೀರು ಬಹುಕಾಲ ಮಾಯುವುದಿಲ್ಲ, ಮತ್ತು ಅದನ್ನು ನೋಡಿದ ಮುಂದಿನವರು ದಾರಿಯೆಂದೇ ತಿಳಿದು ಅದರಲ್ಲೇ ಇಳಿಯುತ್ತಾರೆ. ಗುರುತು ಹಾಕಿದ ದಾರಿಯಲ್ಲೇ ನಡೆದು ಕೆಳಗೆ ಬಂದ ಮೇಲೆ ಬೂಟು ಬಿಚ್ಚಿ, ಕಾಲುಚೀಲವನ್ನೂ ಕೊಡವಿ, ಒಳಗೆ ಸೇರಿಕೊಂಡ ಹಿಡಿಯಷ್ಟು ಕಿಟ್ಟವನ್ನು ಬೆಟ್ಟದ ಬುಡದಲ್ಲೇ ಸುರಿದು ಬನ್ನಿ.