‘ಒಳಗ ಹೆಂಗಿದ್ರ ಯಾರ ನೋಡ್ತಾರ?’

(ಸಲಹೆಗೆ ಬಂದವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಹುಬ್ಬಳ್ಳಿಯಲ್ಲಿ ಒಬ್ಬರೇ ವೆಬ್‌ಸೈಟ್ ಮಾಡಿಕೊಡುವ ಯುವಕ. ‘ಪ್ರ’ ಅನ್ನೋಣ. ನಿದ್ದೆ ಇಲ್ಲ, ಗಿರಾಕಿಯ ಫೋನ್ ಬಂದರೆ ಎದೆ ಡವಡವ, ಮನೆಯಲ್ಲಿ ಸುಮ್ನೆ ರೇಗಾಟ. ಹೀಗಾಗಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಿದ್ದರು.

ಮಾತಾಡುತ್ತಾ ಹೋದಂತೆ ಗದಗಿನ ಒಂದು ಪ್ರೆಸ್ಸಿನ ವಿಷಯ ಬಂತು. ಮಾಲೀಕರು ಹಿರಿಯರು. ತಮ್ಮ ವೆಬ್‌ಸೈಟಿಗೆಂದು ದರಪಟ್ಟಿ, ಫೋನ್ ನಂಬರ್ ಎಲ್ಲವನ್ನೂ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿ, ಚಿತ್ರ ಮಾಡಿ ಕಳಿಸಿದ್ದರು. ಪ್ರ ಒಪ್ಪಲಿಲ್ಲ. ಅಕ್ಷರ ಯೂನಿಕೋಡಿನಲ್ಲಿ (ಎಲ್ಲ ಮೊಬೈಲ್, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ) ಇರಬೇಕು, ಚಿತ್ರಕ್ಕೆ ಬದಲಿ ಪಠ್ಯ, ಅಂದರೆ ಚಿತ್ರದಲ್ಲೇನಿದೆ ಎಂದು ಹೇಳುವ ಬರಹ, ಬೇಕು ಎಂದು, ವೆಬ್‌ಗೆ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ನಿಯಮಗಳನ್ನು ಉದ್ದಕ್ಕೆ ವಿವರಿಸಿದರು. ಮಾಲೀಕರು ಕೇಳಿದ್ದು ಒಂದೇ: ‘ತಮ್ಮಾ, ಕಾಣಾಕ ಚಲೋ ಐತಿ. ಒಳಗ ಹೆಂಗಿದ್ರ ಯಾರ ನೋಡ್ತಾರ?’

ಆ ಮಾತು ಪ್ರ ಅವರಿಗೆ ಬೈಗುಳದಂತೆ ತಾಗಿತ್ತು. ‘ನನ್ನ ವಿದ್ಯೆಗೆ ಬೆಲೆನೇ ಇಲ್ಲರೀ’ ಅಂದರು. ನಾನು ಮೊದಲು ಇಲ್ಲೇ ನಿಂತೆ. ಮಾಲೀಕರು ಕೇಳಿದ್ದು ನಿಜವಾದ ಪ್ರಶ್ನೆ. ದುಡ್ಡು ಕೊಡುವವರು ಅದನ್ನು ಕೇಳಲೇಬೇಕು, ಅಲ್ವಾ? ಅದಕ್ಕೆ ಉತ್ತರ ಸಿಗುವವರೆಗೆ ಅವರು ‘ಬ್ಯಾಡ’ ಅನ್ನುವುದು ಸಹಜ. ಅದನ್ನು ತನ್ನ ಯೋಗ್ಯತೆಯ ತೀರ್ಪು ಎಂದು ಪ್ರ ಓದಿಕೊಂಡಿದ್ದರು. ಎದೆಬಡಿತಕ್ಕೆ ಕಾರಣ ಅದೇ ಎಂದು ನನಗನ್ನಿಸಿತು.

ಆಮೇಲೆ ಹೇಳಿದೆ: ಪ್ರೆಸ್ಸಿಗೇ ಹೋಗಿ. ನಿಯಮದ ಹೆಸರು ಎತ್ತಬೇಡಿ. ಅವರ ಮೊಬೈಲನ್ನೇ ಕೈಗೆ ಕೊಟ್ಟು, ‘ಕಾಕಾ, ಈ ನಂಬರ್ ಮುಟ್ಟಿ ಫೋನ್ ಹಚ್ಚಿ ನೋಡ್ರಿ’ ಅನ್ನಿ. ಚಿತ್ರದ ಮೇಲಿನ ನಂಬರಿಗೆ ಕರೆ ಹೋಗುವುದಿಲ್ಲ. ಕಾಗದದ ದರ ಏರಿದಾಗ ಪಟ್ಟಿ ತಿದ್ದುವುದು ಹೇಗೆ ಎಂದು ಕೇಳಿ. ಪ್ರತಿ ಸಲ ಹೊಸ ಚಿತ್ರ ಮಾಡಿಸಬೇಕು. ಅಕ್ಷರವಾಗಿದ್ದರೆ ಒಂದು ಅಂಕಿ ಬದಲಿಸಿದರೆ ಸಾಕು. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಹಾಕಿ, ಕಣ್ಣು ಕಾಣದವರಿಗೆ ಈ ಪುಟ ಹೇಗೆ ಕೇಳುತ್ತದೆ ಎಂದು ಕೇಳಿಸಿ. ಪ್ರೂಫ್ ನೋಡದೆ ಮದುವೆ ಪತ್ರಿಕೆ ಅಚ್ಚು ಹಾಕದ ಮನುಷ್ಯ ಅವರು. ಪುಟದ ಒಳಗಿನ ಕೋಡ್ ಸರಿಯಿದೆಯೇ ಎಂದು ನೀವು ಮಾಡುವ ಪರೀಕ್ಷೆಯೂ ಪ್ರೂಫ್ ನೋಡಿದಂತೆಯೇ ಎಂದರೆ ಅವರಿಗೆ ಬೇಗ ತಿಳಿಯುತ್ತದೆ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಇದೆಯಲ್ಲ ಎಂದು ಪ್ರ ಕೇಳಿದರು. ಇದೆ, ಆದರೆ ಅದನ್ನು ಬೆದರಿಕೆಯಾಗಿ ತರಬೇಡಿ ಅಂದೆ. ಹೆದರಿಸಿದರೆ ಹಿರಿಯರು ಇನ್ನೂ ಹಟ ಹಿಡಿಯುತ್ತಾರೆ.

ಇನ್ನೊಂದು ಮಾತು ಹಣದ್ದು. ‘ಸ್ಟ್ಯಾಂಡರ್ಡ್ಸ್’ ಎಂದು ಕೊಟೇಶನ್ನಿನಲ್ಲಿ ಬೇರೆ ಸಾಲು ಬರೆದರೆ ಗಿರಾಕಿ ಮೊದಲು ಹೊಡೆದುಹಾಕುವುದು ಅದನ್ನೇ. ತಲೆಬರಹ, ಫಾರ್ಮಿನ ಲೇಬಲ್, ಪುಟದ ಭಾಷೆ ಕನ್ನಡ ಎಂಬ ಗುರುತು, ಇವೆಲ್ಲ ಕೆಲಸದೊಳಗೇ ಸೇರಿರಲಿ. ಬಣ್ಣ, ಬ್ಯಾನರಿನ ವಿಷಯದಲ್ಲಿ ಮಾತ್ರ ಚರ್ಚೆ ಮಾಡಿ. ಅಲ್ಲೂ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ಅನುಪಾತದ ವ್ಯತ್ಯಾಸ ಇರಲಿ ಎನ್ನುವುದನ್ನು, ಬಿಸಿಲಲ್ಲಿ ಮೊಬೈಲ್ ಹಿಡಿದು ತೋರಿಸಿ.

ಮುಂದಿನ ಭೇಟಿಗೆ ಬಂದಾಗ ಪ್ರ ಸ್ವಲ್ಪ ಹಗುರಾಗಿದ್ದರು. ದರಪಟ್ಟಿ, ನಂಬರ್ ಅಕ್ಷರವಾಗಿವೆ. ಹಳದಿ ಬ್ಯಾನರ್ ಮಾತ್ರ ಚಿತ್ರವಾಗಿಯೇ ಇರಲಿ ಎಂದು ಮಾಲೀಕರು ಹಟ ಬಿಟ್ಟಿಲ್ಲ. ಪ್ರ ಅದಕ್ಕೆ ಬದಲಿ ಪಠ್ಯ ಬರೆದು ಹಾಕಿದ್ದಾರೆ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ. ಬಾಕಿ ಹಣ ಕೇಳುವ ಸಂಕೋಚದ ಬಗ್ಗೆ ಈಗ ಮಾತಾಡುತ್ತಿದ್ದೇವೆ.